ನೆಲದ ಸಸ್ಯಗಳ ಒಡಹುಟ್ಟು ಯಾರು? ಹಸಿರು ಪಾಚಿಗಳ ವಂಶವೃಕ್ಷವನ್ನು ಓದುವ ಬಗೆ

ನಿಂತ ಸಿಹಿನೀರಿನ ಮೇಲೆ ತೇಲುವ ಹಸಿರು ಲೋಳೆಯ ಒಂದು ಎಳೆಯನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದರೆ, ಕೊಳವೆಯಂತಹ ಕೋಶಗಳು ಒಂದರ ತುದಿಗೊಂದು ಅಂಟಿಕೊಂಡಿರುವುದೂ ಪ್ರತಿ ಕೋಶದೊಳಗೆ ಹಸಿರು ಪಟ್ಟಿಯೊಂದು ಸುರುಳಿಯಾಗಿ ಸುತ್ತಿಕೊಂಡಿರುವುದೂ ಕಾಣುತ್ತವೆ. ಜೀವಶಾಸ್ತ್ರದ ಮೊದಲ ಪಾಠಗಳಲ್ಲಿಯೇ ಪರಿಚಯವಾಗುವ ಸ್ಪೈರೋಗೈರಾ ಇದು. ಇದಕ್ಕೆ ಕಾಂಡವಿಲ್ಲ, ಎಲೆಯಿಲ್ಲ, ಕವಲುಗಳಿಲ್ಲ, ಈಜುವ ವೀರ್ಯಾಣು ಕೂಡ ಇಲ್ಲ. ಆದರೂ ಒದ್ದೆ ಗೋಡೆಗಳ ಮೇಲೆ ಹಸಿರು ಮೆತ್ತೆಯಾಗಿ ಬೆಳೆಯುವ ಮಾಸ್‌ಗಳಿಂದ ಹಿಡಿದು ಜರೀಗಿಡ, ಪೈನ್, ಹುಲ್ಲು ಮತ್ತು ಹೆಮ್ಮರಗಳವರೆಗೆ ನೆಲದ ಮೇಲೆ ಬೆಳೆಯುವ ಸಮಸ್ತ ಸಸ್ಯಗಳಿಗೆ ಅತ್ಯಂತ ಹತ್ತಿರದ ಜೀವಂತ ಬಂಧು ಈ ಎಳೆಯು ಸೇರಿರುವ ಗುಂಪೇ ಎಂಬ ತೀರ್ಮಾನ 2011ರಿಂದ ಈಚೆಗೆ ಹಂತಹಂತವಾಗಿ ಗಟ್ಟಿಯಾಗಿದೆ. ಅದಕ್ಕೂ ಮೊದಲು ಆ ಸ್ಥಾನಕ್ಕೆ ಇದಕ್ಕಿಂತ ಎಷ್ಟೋ ಹೆಚ್ಚು ಸಸ್ಯದಂತೆ ಕಾಣುವ ಪಾಚಿಗಳನ್ನು ಒಂದಾದ ಮೇಲೊಂದರಂತೆ ಕೂರಿಸಲಾಗಿತ್ತು. ಆ ಹಕ್ಕುದಾರರು ಏಕೆ ಹಿಂದೆ ಸರಿದರು, ಈ ಸರಳ ಎಳೆ ಹೇಗೆ ಮುಂದೆ ಬಂತು ಎಂಬುದನ್ನು ಅರಿತರೆ ನೆಲದ ಸಸ್ಯಗಳು ಹುಟ್ಟಿದ ಬಗೆಯೂ ಬಹುಮಟ್ಟಿಗೆ ಅರ್ಥವಾಗುತ್ತದೆ.

ಹಸಿರಿನ ಕುಟುಂಬದ ಮೂಲ ಬಹಳ ಹಳೆಯದು. ಕೋಶಕೇಂದ್ರವುಳ್ಳ ಒಂದು ಜೀವಿಯು ದ್ಯುತಿಸಂಶ್ಲೇಷಣೆ ನಡೆಸುವ ಸಯನೋಬ್ಯಾಕ್ಟೀರಿಯವನ್ನು ತನ್ನೊಳಗೆ ಸೇರಿಸಿಕೊಂಡಿತು. ಕಾಲಾಂತರದಲ್ಲಿ ಆ ಅತಿಥಿಯೇ ಕ್ಲೋರೋಪ್ಲಾಸ್ಟ್ ಆಯಿತು. ಈ ಘಟನೆಯಿಂದ ಹೊರಟ ಕವಲುಗಳಲ್ಲಿ ಕೆಂಪು ಪಾಚಿಗಳದ್ದು ಒಂದು, ಗ್ಲಾಕೋಫೈಟ್ ಎಂಬ ಚಿಕ್ಕ ಗುಂಪಿನದು ಇನ್ನೊಂದು, ಹಸಿರು ವಂಶದ್ದು ಮತ್ತೊಂದು. ಎ ಮತ್ತು ಬಿ ಎಂಬ ಎರಡು ಬಗೆಯ ಪತ್ರಹರಿತ್ತನ್ನು ಹೊಂದಿರುವುದು ಹಾಗೂ ತಯಾರಾದ ಪಿಷ್ಟವನ್ನು ಕ್ಲೋರೋಪ್ಲಾಸ್ಟಿನೊಳಗೇ ಕೂಡಿಡುವುದು ಹಸಿರು ವಂಶದ ಗುರುತುಗಳು. ಈ ವಂಶದ ಎಳೆಯಾಕಾರದ ಬಹುಕೋಶೀಯ ಪಾಚಿಯೊಂದರ ಪಳೆಯುಳಿಕೆ ಚೀನಾದ ಸುಮಾರು 100 ಕೋಟಿ ವರ್ಷ ಹಳೆಯ ಶಿಲೆಗಳಲ್ಲಿ ದೊರೆತಿದ್ದು, ಪ್ರೊಟೆರೊಕ್ಲಾಡಸ್ ಎಂಬ ಹೆಸರಿನ ಆ ಪಾಚಿಯ ವಿವರ 2020ರಲ್ಲಿ ಪ್ರಕಟವಾಯಿತು.

ಹಸಿರು ವಂಶವು ಬಹಳ ಬೇಗನೆ ಎರಡು ದೊಡ್ಡ ಕವಲುಗಳಾಗಿ ಒಡೆಯಿತು. ಒಂದು ಕ್ಲೋರೋಫೈಟಾ. ಕಡಲತೀರದ ಬಂಡೆಗಳ ಮೇಲೆ ಹಾಳೆಯಂತೆ ಹರಡುವ ಅಲ್ವಾ, ಚೆಂಡಿನಂತೆ ಉರುಳುವ ವಾಲ್ವಾಕ್ಸ್, ಪ್ರಯೋಗಾಲಯಗಳಲ್ಲಿ ಚಿರಪರಿಚಿತವಾದ ಕ್ಲಾಮಿಡೋಮೋನಾಸ್ ಮತ್ತು ಕ್ಲೋರೆಲ್ಲಾ ಮೊದಲಾದ ಹೆಚ್ಚಿನ ಹಸಿರು ಪಾಚಿಗಳು ಇದಕ್ಕೆ ಸೇರಿದವು. ಇನ್ನೊಂದು ಸ್ಟ್ರೆಪ್ಟೋಫೈಟಾ. ಇದರಲ್ಲಿ ಸಿಹಿನೀರಿನಲ್ಲಿಯೋ ಒದ್ದೆ ಮಣ್ಣಿನ ಮೇಲೆಯೋ ಬದುಕುವ ಕೆಲವೇ ಪಾಚಿಗಳ ಗುಂಪುಗಳಿವೆ, ಅವುಗಳ ಜೊತೆಗೆ ನೆಲದ ಸಸ್ಯಗಳೆಲ್ಲವೂ ಇವೆ. ಈ ಎರಡಕ್ಕೂ ಸೇರದ, ಸಮುದ್ರದಲ್ಲಿ ಬಾಳುವ ಮೂರನೆಯ ಕಿರುಕವಲೊಂದನ್ನೂ 2020ರ ಜೀನೋಮ್ ಅಧ್ಯಯನವೊಂದು ಪ್ರತ್ಯೇಕವಾಗಿ ಹೆಸರಿಸಿದೆ. ನಮ್ಮ ವಿಷಯಕ್ಕೆ ಅದು ನೇರವಾಗಿ ಬೇಕಾಗದು. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆಯಿದೆ. ‘ಹಸಿರು ಪಾಚಿ’ ಎಂಬ ಮಾತು ಒಂದು ಇಡೀ ವಂಶದ ಹೆಸರಲ್ಲ. ಸ್ಪೈರೋಗೈರಾ ಅಲ್ವಾಗೆ ದೂರದ ದಾಯಾದಿ, ಮರಕ್ಕೆ ಹತ್ತಿರದ ಬಂಧು. ಹೀಗಿದ್ದರೂ ನಾವು ಅಲ್ವಾ ಮತ್ತು ಸ್ಪೈರೋಗೈರಾಗಳನ್ನು ಒಂದೇ ಹೆಸರಿನಿಂದ ಕರೆದು ಮರವನ್ನು ಹೊರಗಿಡುತ್ತೇವೆ. ಆದ್ದರಿಂದ ಆ ಹೆಸರು ಬದುಕುವ ರೀತಿಯನ್ನು ಸೂಚಿಸುತ್ತದೆಯೇ ಹೊರತು ರಕ್ತಸಂಬಂಧವನ್ನಲ್ಲ.

ಹೊರರೂಪವನ್ನು ನಂಬಿ ಸಂಬಂಧ ಕಲ್ಪಿಸಿದಾಗ ಏನಾಗಬಹುದು ಎಂಬುದಕ್ಕೆ ಫ್ರಿಟ್ಶಿಯೆಲ್ಲಾ ಎಂಬ ಪಾಚಿ ಉತ್ತಮ ನಿದರ್ಶನ. ಭಾರತದ ಪಾಚಿಶಾಸ್ತ್ರದ ಹಿರಿಯರಾದ ಎಂ. ಓ. ಪಿ. ಅಯ್ಯಂಗಾರ್ ಅವರು ಒದ್ದೆ ಮಣ್ಣಿನಲ್ಲಿ ಬೆಳೆಯುವ ಈ ಪಾಚಿಯನ್ನು 1932ರಲ್ಲಿ ವಿವರಿಸಿ, ಬ್ರಿಟಿಷ್ ಪಾಚಿತಜ್ಞ ಎಫ್. ಇ. ಫ್ರಿಟ್ಶ್ ಅವರ ಹೆಸರನ್ನು ಅದಕ್ಕಿಟ್ಟರು. ಮಣ್ಣಿನೊಳಗೆ ಹರಡಿ ಹಿಡಿದುಕೊಳ್ಳುವ ಭಾಗ, ಮಣ್ಣಿನಿಂದ ಮೇಲೇಳುವ ಕವಲೊಡೆದ ಎಳೆಗಳು, ಕೆಳಗೆ ಬೇರಿನಂತಹ ತಂತುಗಳು ಹೀಗೆ ಅದರ ದೇಹದಲ್ಲಿ ಕೆಲಸದ ಹಂಚಿಕೆ ಕಾಣುತ್ತಿತ್ತು. ನೀರಿನಿಂದ ನೆಲಕ್ಕೆ ಕಾಲಿಟ್ಟ ಪೂರ್ವಜ ಹೀಗೆಯೇ ಇದ್ದಿರಬೇಕು ಎಂದು ಹಲವರಿಗೆ ತೋರಿದ್ದು ಸಹಜವೇ ಆಗಿತ್ತು. ದಶಕಗಳ ಕಾಲ ಪಠ್ಯಪುಸ್ತಕಗಳೂ ಅದನ್ನು ಹಾಗೆಯೇ ಪರಿಚಯಿಸಿದವು. ಆದರೆ ಕೋಶದ ಒಳರಚನೆಯ ಅಧ್ಯಯನವೂ ಅನಂತರದ ಡಿಎನ್‌ಎ ಹೋಲಿಕೆಯೂ ಅದನ್ನು ಕ್ಲೋರೋಫೈಟಾ ಕವಲಿನ ನಡುವೆಯೇ ಕೂರಿಸಿದವು. ಅಯ್ಯಂಗಾರ್ ಅವರ ವಿವರಣೆಯಲ್ಲಿ ಕೊರತೆಯೇನೂ ಇರಲಿಲ್ಲ. ನೆಲದ ಮೇಲಿನ ಬದುಕು ಒಡ್ಡುವ ಒತ್ತಡಗಳು ಒಂದೇ ಬಗೆಯವಾದ್ದರಿಂದ ಬೇರೆ ಬೇರೆ ವಂಶಗಳು ಒಂದೇ ಬಗೆಯ ದೇಹವನ್ನು ತಾವಾಗಿಯೇ ರೂಪಿಸಿಕೊಳ್ಳಬಲ್ಲವು ಎಂಬುದನ್ನು ಆ ಪಾಚಿ ತೋರಿಸಿಕೊಟ್ಟಿತು. ಮರದ ತೊಗಟೆಯ ಮೇಲೆ ಕಿತ್ತಳೆ ಬಣ್ಣದ ಹೊದಿಕೆಯಾಗಿ ಬೆಳೆಯುವ ಟ್ರೆಂಟೆಪೋಲಿಯಾ ಮತ್ತು ಕಲ್ಲುಹೂಗಳೊಳಗೆ ಶಿಲೀಂಧ್ರದೊಂದಿಗೆ ಬಾಳುವ ಟ್ರೆಬೂಕ್ಸಿಯಾ ಸಹ ನೀರನ್ನು ಬಿಟ್ಟು ಬಂದ ಕ್ಲೋರೋಫೈಟ್‌ಗಳೇ ಆಗಿವೆ. ನೆಲವನ್ನು ತಲುಪಿದ ಹಸಿರು ಪಾಚಿಗಳು ಅನೇಕ. ಅವುಗಳಲ್ಲಿ ನೆಲವನ್ನು ಕಾಡಾಗಿಸಿದ ವಂಶ ಮಾತ್ರ ಒಂದೇ.

ಹಾಗಾದರೆ ನಂಬಬಹುದಾದ ಗುರುತುಗಳು ಯಾವುವು? 1960ರ ದಶಕದ ಕೊನೆಯಿಂದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಪಾಚಿಗಳ ಕೋಶವಿಭಜನೆಯನ್ನು ಪರಿಶೀಲಿಸಿದ ಜೆರೆಮಿ ಪಿಕೆಟ್-ಹೀಪ್ಸ್ ಮತ್ತು ಅವರ ಸಮಕಾಲೀನರು ಈ ಪ್ರಶ್ನೆಯ ದಿಕ್ಕನ್ನೇ ಬದಲಿಸಿದರು. ಒಂದು ಸಸ್ಯಕೋಶ ಎರಡಾಗುವಾಗ ನಡುವೆ ಹೊಸ ಗೋಡೆ ಏಳಬೇಕು. ನೆಲದ ಸಸ್ಯಗಳಲ್ಲಿ ಸೂಕ್ಷ್ಮನಾಳಿಕೆಗಳು, ಅಂದರೆ ಕೋಶದೊಳಗಿನ ಪ್ರೋಟೀನಿನ ಸಣ್ಣ ಕೊಳವೆಗಳು, ಆ ಗೋಡೆ ಏಳಬೇಕಾದ ತಲಕ್ಕೆ ಲಂಬವಾಗಿ ನಿಂತು, ಗೋಡೆಯ ಸಾಮಗ್ರಿಯನ್ನು ತುಂಬಿಕೊಂಡ ಪುಟ್ಟ ಚೀಲಗಳನ್ನು ನಟ್ಟನಡುವಿಗೆ ತಂದು ಸೇರಿಸುತ್ತವೆ. ಗೋಡೆ ಕೇಂದ್ರದಿಂದ ಅಂಚಿನತ್ತ ಬೆಳೆಯುತ್ತದೆ. ಈ ಏರ್ಪಾಡಿಗೆ ಫ್ರಾಗ್ಮೋಪ್ಲಾಸ್ಟ್ ಎಂದು ಹೆಸರು. ಕ್ಲಾಮಿಡೋಮೋನಾಸ್ ಮತ್ತು ಅದರ ಹತ್ತಿರದ ಬಂಧುಗಳಲ್ಲಾದರೋ ಸೂಕ್ಷ್ಮನಾಳಿಕೆಗಳು ಹೊಸ ಗೋಡೆಯ ತಲಕ್ಕೆ ಸಮಾನಾಂತರವಾಗಿ ಮಲಗಿರುತ್ತವೆ, ಅದು ಫೈಕೋಪ್ಲಾಸ್ಟ್. ಎರಡು ಮನೆತನದ ಗಾರೆಯವರು ಗೋಡೆ ಕಟ್ಟುವ ಪದ್ಧತಿಯೇ ಬೇರೆ ಎಂದಂತಾಯಿತು. ಕಾರಾ ಮತ್ತು ಕೋಲಿಯೋಕೀಟೆ ಎಂಬ ಸಿಹಿನೀರಿನ ಪಾಚಿಗಳಲ್ಲಿ ಫ್ರಾಗ್ಮೋಪ್ಲಾಸ್ಟ್ ಕಂಡುಬಂದಾಗ, ಅವು ಅಲ್ವಾಕ್ಕಿಂತ ಮಾಸ್‌ಗಳಿಗೆ ಹತ್ತಿರದವು ಎಂಬ ಸುಳಿವು ದೊರೆಯಿತು.

ಈ ಸುಳಿವಿಗೆ ಬೇರೆ ಸಾಕ್ಷ್ಯಗಳೂ ಜೊತೆಗೂಡಿದವು. ಸ್ಪೈರೋಗೈರಾ ಮತ್ತು ಕಾರಾಗಳ ಕೋಶಪೊರೆಯಲ್ಲಿ ಸೆಲ್ಯುಲೋಸ್ ನೇಯುವ ಯಂತ್ರಗಳು, ನೆಲದ ಸಸ್ಯಗಳಲ್ಲಿರುವಂತೆಯೇ, ಆರು ಕಣಗಳ ಹೂವಿನಾಕಾರದಲ್ಲಿ ಜೋಡಣೆಗೊಂಡಿವೆ. ಬೆಳಕಿನಲ್ಲಿ ಆಮ್ಲಜನಕ ಹೆಚ್ಚಾದಾಗ ಉಂಟಾಗುವ ಗ್ಲೈಕೊಲೇಟ್ ಎಂಬ ಪದಾರ್ಥವನ್ನು ಈ ಕವಲಿನ ಪಾಚಿಗಳು ನೆಲದ ಸಸ್ಯಗಳಂತೆ ಪೆರಾಕ್ಸಿಸೋಮ್‌ಗಳೆಂಬ ಕೋಶದೊಳಗಿನ ಪುಟ್ಟ ಚೀಲಗಳಲ್ಲಿ ಗ್ಲೈಕೊಲೇಟ್ ಆಕ್ಸಿಡೇಸ್ ಕಿಣ್ವದಿಂದ ಸಂಸ್ಕರಿಸುತ್ತವೆ. ಕ್ಲಾಮಿಡೋಮೋನಾಸ್‌ನಂತಹ ಕ್ಲೋರೋಫೈಟ್‌ಗಳು ಅದೇ ಕೆಲಸಕ್ಕೆ ಬೇರೊಂದು ಕಿಣ್ವವನ್ನು ಮೈಟೊಕಾಂಡ್ರಿಯದಲ್ಲಿ ಬಳಸುತ್ತವೆ. ವೀರ್ಯಾಣು ಈಜಲು ಬಳಸುವ ಬಾಲದಂತಹ ಎಳೆಗಳಾದ ಕಶಾಂಗಗಳ ಬುಡದಲ್ಲಿರುವ ಆಧಾರ ಪಟ್ಟಿಯ ರಚನೆಯಲ್ಲಿಯೂ ಇಂತಹ ಹೋಲಿಕೆಯಿದೆ. ಇವುಗಳಲ್ಲಿ ಯಾವುದೇ ಒಂದನ್ನು ಪ್ರತ್ಯೇಕವಾಗಿ ಹಿಡಿದರೆ ದಾರಿ ತಪ್ಪುವ ಅಪಾಯ ಇದ್ದೇ ಇದೆ: ಮೇಲೆ ಹೇಳಿದ ಟ್ರೆಂಟೆಪೋಲಿಯಾ ಕ್ಲೋರೋಫೈಟ್ ಆಗಿದ್ದರೂ ಫ್ರಾಗ್ಮೋಪ್ಲಾಸ್ಟನ್ನು ಹೋಲುವ ರಚನೆಯನ್ನು ತೋರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕಾರು ಗುರುತುಗಳು ಒಂದೇ ಕಡೆಗೆ ಬೊಟ್ಟು ಮಾಡಿದಾಗ ಮಾತ್ರ ತೀರ್ಮಾನಕ್ಕೆ ಬಲ ಬರುತ್ತದೆ.

ಸ್ಟ್ರೆಪ್ಟೋಫೈಟಾ ಕವಲಿನ ಪಾಚಿಗಳನ್ನು ಇಂದು ಆರು ಗುಂಪುಗಳಾಗಿ ಗುರುತಿಸುತ್ತಾರೆ. ಮೊದಲು ಕವಲೊಡೆದ ಮೂರರ ರೂಪ ಸರಳ: ಕಶಾಂಗಗಳಿಂದ ಈಜುವ ಏಕಕೋಶೀಯ ಮೀಸೋಸ್ಟಿಗ್ಮಾ, ಕೆಲವೇ ಕೋಶಗಳ ಗಂಟಾಗಿ ಬೆಳೆಯುವ ಕ್ಲೋರೋಕಿಬಸ್, ಮಣ್ಣಿನ ಮೇಲೆ ಕವಲಿಲ್ಲದ ಎಳೆಗಳಾಗಿ ಹರಡುವ ಕ್ಲೆಬ್‌ಸಾರ್ಮಿಡಿಯಂ. ಈ ಮೂರನ್ನು ಕುರಿತು ದೊಡ್ಡ ವಿವಾದವೇನೂ ಉಳಿದಿಲ್ಲ. ನಿಜವಾದ ತಕರಾರು ಉಳಿದ ಮೂರರ ನಡುವಿನದು, ಏಕೆಂದರೆ ನೆಲದ ಸಸ್ಯಗಳ ಒಡಹುಟ್ಟು ಈ ಮೂರರಲ್ಲಿಯೇ ಇರಬೇಕಾಗಿತ್ತು.

ಕಾರಾ ಗುಂಪಿನ ಹಕ್ಕು ಮೇಲ್ನೋಟಕ್ಕೆ ಪ್ರಬಲವಾದದ್ದು. ಅದು ನೀರಿನ ತಳದಲ್ಲಿ ಬೇರಿನಂತಹ ತಂತುಗಳಿಂದ ನಾಟಿಕೊಂಡು ನೆಟ್ಟಗೆ ನಿಲ್ಲುತ್ತದೆ. ಗೆಣ್ಣುಗಳಿರುವ ಕಾಂಡದಂತಹ ದೇಹವುಂಟು, ಪ್ರತಿ ಗೆಣ್ಣಿನಲ್ಲಿಯೂ ಸುತ್ತಲೂ ಕಿರುಕೊಂಬೆಗಳುಂಟು, ತುದಿಯ ಕೋಶವೊಂದರಿಂದ ಬೆಳವಣಿಗೆ ನಡೆಯುತ್ತದೆ, ಅಂಡವನ್ನು ಸುರುಳಿಯಾದ ಕೋಶಗಳ ಕವಚ ಕಾಪಾಡುತ್ತದೆ. ಕೋಲಿಯೋಕೀಟೆಯ ಹಕ್ಕು ಇನ್ನೊಂದು ಬಗೆಯದು. ನೀರಿನ ಗಿಡಗಳ ಮೇಲೆ ಪುಟ್ಟ ತಟ್ಟೆಯಂತೆ ಅಂಟಿ ಬೆಳೆಯುವ ಈ ಪಾಚಿಯು ಫಲಿತವಾದ ಅಂಡವನ್ನು, ಅಂದರೆ ಯುಗ್ಮಜವನ್ನು, ನೀರಿಗೆ ಬಿಡದೆ ತನ್ನ ಮೈಯಲ್ಲಿಯೇ ಇಟ್ಟುಕೊಂಡು, ಅದರ ಸುತ್ತ ಕೋಶಗಳ ಹೊದಿಕೆಯನ್ನು ಬೆಳೆಸಿ ಪೋಷಿಸುತ್ತದೆ. ತಾಯಿಯ ಮಡಿಲಲ್ಲಿ ಭ್ರೂಣ ಬೆಳೆಯುವುದೇ ನೆಲದ ಸಸ್ಯಗಳ ಮುಖ್ಯ ಲಕ್ಷಣವಾದ್ದರಿಂದ, ಅದರ ಪೂರ್ವರೂಪ ಇಲ್ಲಿಯೇ ಇದೆಯೆಂದು ಅನೇಕರು ಭಾವಿಸಿದ್ದರು. ಇವೆರಡರ ಪಕ್ಕದಲ್ಲಿ ಸ್ಪೈರೋಗೈರಾ ಗುಂಪು, ಅಂದರೆ ಜಿಗ್ನೀಮಾ ವರ್ಗ, ತೀರ ಬಡವಾಗಿ ಕಾಣುತ್ತಿತ್ತು. ಎರಡು ಎಳೆಗಳು ಪಕ್ಕಪಕ್ಕದಲ್ಲಿ ಮಲಗಿ ನಡುವೆ ಕೊಳವೆಯ ಸೇತುವೆ ಕಟ್ಟಿಕೊಂಡು, ಒಂದರ ಕೋಶದ ತಿರುಳು ಇನ್ನೊಂದಕ್ಕೆ ಹರಿದು ಸೇರುವ ಅದರ ಸಂಯೋಗ ವಿಧಾನಕ್ಕೂ ಮಾಸ್ ಅಥವಾ ಜರೀಗಿಡಗಳ ಈಜುವ ವೀರ್ಯಾಣುವಿಗೂ ಯಾವ ಸಾಮ್ಯವೂ ತೋರುತ್ತಿರಲಿಲ್ಲ.

2001ರಲ್ಲಿ ನಾಲ್ಕು ವಂಶವಾಹಿಗಳನ್ನು ಹೋಲಿಸಿ ನಡೆಸಿದ ಅಧ್ಯಯನ ಕಾರಾ ಗುಂಪನ್ನೇ ನೆಲದ ಸಸ್ಯಗಳ ಒಡಹುಟ್ಟೆಂದು ಸಾರಿತು. ಬಾಹ್ಯರೂಪದೊಂದಿಗೂ ಅದು ಹೊಂದಿಕೊಂಡಿದ್ದರಿಂದ ಬಹುಜನ ಒಪ್ಪಿದರು. ಆದರೆ ಹೋಲಿಸುವ ವಂಶವಾಹಿಗಳ ಸಂಖ್ಯೆ ನೂರಾರಕ್ಕೇರಿದಂತೆ ಉತ್ತರ ಬದಲಾಯಿತು. 2011ರ ಅಧ್ಯಯನವೊಂದು ಜಿಗ್ನೀಮಾ ವರ್ಗದ ಕಡೆಗೆ ವಾಲಿತು, 2014ರ ವಿಸ್ತಾರವಾದ ವಿಶ್ಲೇಷಣೆ ಅದನ್ನು ಬೆಂಬಲಿಸಿತು, ಸಾವಿರಕ್ಕೂ ಹೆಚ್ಚು ಸಸ್ಯ ಮತ್ತು ಪಾಚಿ ಪ್ರಭೇದಗಳ ಆರ್‌ಎನ್‌ಎ ಮಾಹಿತಿಯನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಯೋಜನೆಯ ಫಲಿತಾಂಶವೂ ಅದನ್ನೇ ಹೇಳಿತು. ಮೊದಲಿನ ಗೊಂದಲಕ್ಕೆ ಕಾರಣವಿದೆ. ಈ ಮೂರು ಗುಂಪುಗಳೂ ನೆಲದ ಸಸ್ಯಗಳೂ ಬಹು ಹಿಂದೆ ಸ್ವಲ್ಪ ಅವಧಿಯಲ್ಲಿಯೇ ಒಂದರಿಂದೊಂದು ಬೇರ್ಪಟ್ಟು, ಆಮೇಲೆ ಸುದೀರ್ಘ ಕಾಲ ತಮ್ಮ ತಮ್ಮ ಹಾದಿಯಲ್ಲಿ ಬದಲಾಗುತ್ತ ಬಂದಿವೆ. ಬೇರ್ಪಟ್ಟ ಆ ಚಿಕ್ಕ ಅವಧಿಯಲ್ಲಿ ವಂಶವಾಹಿಗಳಲ್ಲಿ ಮೂಡಿದ ಗುರುತುಗಳು ಕೆಲವೇ. ಅವುಗಳ ಮೇಲೆ ಕೋಟ್ಯಂತರ ವರ್ಷಗಳ ಬದಲಾವಣೆಗಳು ಪದರಪದರವಾಗಿ ಕುಳಿತಿವೆ. ನಾಲ್ಕು ವಂಶವಾಹಿಗಳಲ್ಲಿ ಅಂತಹ ಹಳೆಯ ಗುರುತು ಸಿಗುವುದು ಅದೃಷ್ಟದ ಮಾತು, ನೂರಾರು ವಂಶವಾಹಿಗಳಲ್ಲಿ ಅವು ಕೂಡಿ ಕಾಣಿಸಿಕೊಳ್ಳುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸ್ಪೈರೋಗೈರಾದಿಂದ ಗಿಡಮರಗಳು ಹುಟ್ಟಿದವು ಎಂದು ಇದರ ಅರ್ಥವಲ್ಲ. ಒಡಹುಟ್ಟು ಎಂದರೆ ಒಂದೇ ತಾಯಿಯ ಮಕ್ಕಳು. ಅಕ್ಕನು ತಂಗಿಯ ಪೂರ್ವಜಳಾಗುವುದಿಲ್ಲ. ಇಬ್ಬರಿಗೂ ಸಮಾನವಾದ ಪೂರ್ವಜ ಈಗ ಇಲ್ಲ, ಅದು ಸ್ಪೈರೋಗೈರಾದ ಹಾಗೆಯೇ ಇತ್ತೆಂದು ಊಹಿಸುವುದಕ್ಕೆ ಆಧಾರವೂ ಇಲ್ಲ. ಕಾರಾ ಮತ್ತು ಕೋಲಿಯೋಕೀಟೆಗಳಲ್ಲಿ ಫ್ರಾಗ್ಮೋಪ್ಲಾಸ್ಟ್, ಕವಲೊಡೆಯುವ ದೇಹ ಹಾಗೂ ಈಜುವ ವೀರ್ಯಾಣುಗಳಿವೆ. ನೆಲದ ಸಸ್ಯಗಳಲ್ಲಿಯೂ ಇವು ಇವೆ. ನಡುವೆ ಬರುವ ಜಿಗ್ನೀಮಾ ವರ್ಗದಲ್ಲಿ ಮಾತ್ರ ಕಶಾಂಗವೇ ಇಲ್ಲ, ಫ್ರಾಗ್ಮೋಪ್ಲಾಸ್ಟ್ ಕೂಡ ಸ್ಪೈರೋಗೈರಾದಂತಹ ಕೆಲವರಲ್ಲಿ ವಿಭಜನೆಯ ಕೊನೆಯ ಹಂತದಲ್ಲಿ ಕಿರಿದಾಗಿ ತೋರಿ ಮರೆಯಾಗುತ್ತದೆ. ಇದ್ದದ್ದನ್ನು ಈ ವರ್ಗ ಕಳೆದುಕೊಂಡಿತು ಎಂದು ತಿಳಿಯುವುದೇ ಹೆಚ್ಚು ಸಮಂಜಸ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವೆಂದು ತೋರುವುದು ಇದೇ: ಸರಳವಾಗಿರುವುದೆಲ್ಲ ಹಳೆಯದಲ್ಲ. ವಿಕಾಸವನ್ನು ಮೆಟ್ಟಿಲುಗಳ ಸಾಲಾಗಿ ಕಲ್ಪಿಸಿಕೊಂಡವರಿಗೆ ಈ ಎಳೆ ಕೆಳಗಿನ ಮೆಟ್ಟಿಲಾಗಿ ಕಂಡಿತು. ಅದು ಮೇಲಿನಿಂದ ಇಳಿದು ಬಂದದ್ದಿರಬಹುದೆಂದು ಹೊಳೆಯಲು ಬಹಳ ಕಾಲ ಹಿಡಿಯಿತು.

ಹೀಗೆ ಇಳಿದು ಬಂದದ್ದಾದರೂ ಏಕೆ ಎಂಬುದಕ್ಕೆ ಒಂದು ವಿವರಣೆ ನೆಲದ ಕಡೆಗೇ ಕೈ ತೋರುತ್ತದೆ. ಮಣ್ಣಿನ ಕಣಗಳ ಮೇಲಿನ ತೆಳುವಾದ ನೀರಿನ ಪದರದಲ್ಲಿ, ಆಗಾಗ ಒಣಗುತ್ತ ಮತ್ತೆ ನೆನೆಯುತ್ತ ಬದುಕುವ ಜೀವಿಗೆ ಈಜುವ ವೀರ್ಯಾಣುವಿನಿಂದ ಹೆಚ್ಚಿನ ಉಪಯೋಗವಿಲ್ಲ. ಲೋಳೆಯ ಹೊದಿಕೆಯೂ ನೇರ ಸ್ಪರ್ಶದ ಸಂಯೋಗವೂ ಅಲ್ಲಿ ಕೆಲಸಕ್ಕೆ ಬರುತ್ತವೆ. ಈ ವರ್ಗದ ಕೆಲವು ಪ್ರಭೇದಗಳು ಇಂದಿಗೂ ಒದ್ದೆ ಬಂಡೆಗಳ ಮೇಲೆಯೂ ಹಿಮನದಿಗಳ ಮೇಲ್ಮೈಯಲ್ಲಿಯೂ ವಾಸಿಸುತ್ತವೆ. ಅಂತಹ ಎರಡು ನೆಲವಾಸಿ ಪಾಚಿಗಳಾದ ಸ್ಪೈರೋಗ್ಲಿಯಾ ಮತ್ತು ಮೀಸೊಟೀನಿಯಂಗಳ ಜೀನೋಮ್ 2019ರಲ್ಲಿ ಪ್ರಕಟವಾದಾಗ, ನೆಲದ ಸಸ್ಯಗಳಲ್ಲಿ ಒಣ ಪರಿಸ್ಥಿತಿಯನ್ನು ಎದುರಿಸಲು ನೆರವಾಗುವ ಕೆಲವು ವಂಶವಾಹಿಗಳು ಅವುಗಳಲ್ಲಿ ಆಗಲೇ ಇರುವುದು ತಿಳಿಯಿತು. ಅವು ಮಣ್ಣಿನ ಬ್ಯಾಕ್ಟೀರಿಯಗಳ ವಂಶವಾಹಿಗಳನ್ನು ಹೋಲುವುದರಿಂದ, ಎರಡೂ ವಂಶಗಳ ಸಮಾನ ಪೂರ್ವಜ ಅವುಗಳನ್ನು ಬ್ಯಾಕ್ಟೀರಿಯಗಳಿಂದಲೇ ಪಡೆದಿರಬೇಕೆಂದು ಸಂಶೋಧಕರು ವಾದಿಸಿದರು. ಅವುಗಳಲ್ಲೊಂದು, ನೀರಿನ ಕೊರತೆಯನ್ನು ಸಾರುವ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನನ್ನು ಗ್ರಹಿಸುವ ಪ್ರೋಟೀನಿನದು. ಆದರೆ ಪಾಚಿಯಲ್ಲಿರುವ ಅದರ ರೂಪ ಹಾರ್ಮೋನಿಗೆ ಕಾಯದೆ ತಾನೇ ಕೆಲಸ ಮಾಡುತ್ತದೆ; ಹಾರ್ಮೋನಿನ ಅಪ್ಪಣೆಗೆ ಅದು ಒಳಪಟ್ಟದ್ದು ನೆಲದ ಸಸ್ಯಗಳ ಕವಲಿನಲ್ಲಿ. ಹತ್ಯಾರು ಮೊದಲೇ ಇತ್ತು, ಅದಕ್ಕೆ ಹಿಡಿ ಕೂಡಿಸಿದ್ದು ಆಮೇಲೆ.

ಹಾಗಿದ್ದರೆ ನೆಲದ ಸಸ್ಯಗಳು ತಾವಾಗಿಯೇ ಗಳಿಸಿದ್ದು ಏನು? ಮೊದಲ ಉತ್ತರ ಭ್ರೂಣ. ಮೇಲೆ ಹೇಳಿದ ಸ್ಟ್ರೆಪ್ಟೋಫೈಟಾ ಪಾಚಿಗಳಲ್ಲಿ ಯುಗ್ಮಜವು ಮೊಳೆಯುವಾಗ ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ಮಿಯಾಸಿಸ್ ವಿಭಜನೆ ಕೂಡಲೇ ನಡೆದುಬಿಡುತ್ತದೆ. ಆದ್ದರಿಂದ ಎರಡು ಜೊತೆ ವರ್ಣತಂತುಗಳಿರುವ ಸ್ಥಿತಿ ಒಂದು ಕೋಶಕ್ಕಷ್ಟೇ ಸೀಮಿತ. ನೆಲದ ಸಸ್ಯಗಳ ಪೂರ್ವಜನಲ್ಲಿ ಈ ಮಿಯಾಸಿಸ್ ಮುಂದಕ್ಕೆ ಹೋಯಿತು. ಯುಗ್ಮಜವು ಮೊದಲು ಸಾಮಾನ್ಯ ವಿಭಜನೆಯಿಂದ ಅನೇಕ ಕೋಶಗಳ ಭ್ರೂಣವಾಗಿ, ಅದು ಬೀಜಾಣುಗಳನ್ನು ಉತ್ಪಾದಿಸುವ ಪ್ರತ್ಯೇಕ ಪೀಳಿಗೆಯಾಗಿ ಬೆಳೆಯಿತು. ಒಂದು ಯುಗ್ಮಜದಿಂದ ನಾಲ್ಕಾರು ಬೀಜಾಣುಗಳ ಬದಲು ಸಾವಿರಾರು ದೊರೆಯತೊಡಗಿದವು. ಫಲೀಕರಣಕ್ಕೆ ನೀರು ಅಪರೂಪವಾಗಿರುವ ನೆಲದಲ್ಲಿ ಇದು ಸಣ್ಣ ಲಾಭವಲ್ಲ. ಅಂಡ ಮತ್ತು ವೀರ್ಯಾಣುಗಳನ್ನು ಕೊಡುವ ಲಿಂಗಾಣು ಪೀಳಿಗೆ ಮತ್ತು ಬೀಜಾಣು ಪೀಳಿಗೆಗಳು ಹೀಗೆ ಒಂದಾದ ಮೇಲೊಂದು ಬರುವುದು ಮಾಸ್‌ಗಳಿಂದ ಶಂಕುಧಾರಿ ಮರಗಳವರೆಗೆ ಒಂದೇ ವಿನ್ಯಾಸ ಎಂಬುದನ್ನು ಜರ್ಮನಿಯ ವಿಲ್‌ಹೆಲ್ಮ್ ಹಾಫ್‌ಮೈಸ್ಟರ್ 1851ರಲ್ಲಿಯೇ ತೋರಿಸಿದ್ದರು. ಬೀಜಾಣು ಪೀಳಿಗೆಯು ಜೀವನಚಕ್ರದ ನಡುವೆ ಹೊಸದಾಗಿ ಸೇರಿಕೊಂಡದ್ದು ಎಂಬ ವಾದವನ್ನು 20ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಸಸ್ಯಶಾಸ್ತ್ರಜ್ಞ ಎಫ್. ಓ. ಬೋವರ್ ಬಲವಾಗಿ ಮಂಡಿಸಿದರು. ಪಾಚಿಗಳ ವಂಶವೃಕ್ಷ ಈಗ ಅವರ ಪರವಾಗಿಯೇ ಸಾಕ್ಷಿ ಹೇಳುತ್ತಿದೆ.

ಈ ಹೊಸ ಪೀಳಿಗೆಯ ಬೀಗದ ಕೈ ಕೂಡ ಹಳೆಯದೇ. ಕ್ಲಾಮಿಡೋಮೋನಾಸ್‌ನ ಎರಡು ಬಗೆಯ ಲಿಂಗಾಣುಗಳು ಒಂದೊಂದು ನಿಯಂತ್ರಕ ಪ್ರೋಟೀನನ್ನು ತರುತ್ತವೆ. ಲಿಂಗಾಣುಗಳು ಕೂಡಿದಾಗ ಆ ಎರಡು ಪ್ರೋಟೀನುಗಳೂ ಜೋಡಿಯಾಗಿ ಯುಗ್ಮಜದ ಕಾರ್ಯಕ್ರಮವನ್ನು ಆರಂಭಿಸುತ್ತವೆ ಎಂದು 2008ರಲ್ಲಿ ತಿಳಿದುಬಂತು. ಅದೇ ಕುಟುಂಬದ ಪ್ರೋಟೀನುಗಳು ನೆಲದ ಸಸ್ಯಗಳಲ್ಲಿ ಬೀಜಾಣು ಪೀಳಿಗೆಯನ್ನು ರೂಪಿಸುತ್ತವೆ. 2013ರಲ್ಲಿ ಮಾಸ್ ಒಂದರಲ್ಲಿ ಈ ಕುಟುಂಬದ ಕೆಲವು ವಂಶವಾಹಿಗಳನ್ನು ಕೆಲಸ ಮಾಡದಂತೆ ಮಾಡಿದಾಗ, ಎರಡು ಜೊತೆ ವರ್ಣತಂತುಗಳಿದ್ದರೂ ಭ್ರೂಣದಿಂದ ಲಿಂಗಾಣು ಪೀಳಿಗೆಯಂತಹ ದೇಹವೇ ಬೆಳೆಯಿತು. ಒಂದು ಕೋಶಕ್ಕೆ ‘ನೀನೀಗ ಯುಗ್ಮಜ’ ಎಂದು ತಿಳಿಸುತ್ತಿದ್ದ ಪುರಾತನ ಸಂಕೇತ ಇಡೀ ಒಂದು ಪೀಳಿಗೆಯ ದೇಹವನ್ನು ಕಟ್ಟುವ ಸಂಕೇತವಾಗಿ ವಿಸ್ತರಿಸಿತು ಎಂಬುದು ಇದರ ತಾತ್ಪರ್ಯ.

ಸರಳತೆಯ ಬಗೆಗಿನ ಅದೇ ತಪ್ಪು ತಿಳಿವಳಿಕೆ ನೆಲದ ಸಸ್ಯಗಳ ಒಳಗೂ ನಡೆದಿತ್ತು. ನೀರು ಸಾಗಿಸುವ ನಾಳಗಳಿಲ್ಲದ ಪುಟ್ಟ ಸಸ್ಯಗಳಾದ ಲಿವರ್‌ವರ್ಟ್, ಮಾಸ್ ಮತ್ತು ಹಾರ್ನ್‌ವರ್ಟ್‌ಗಳಲ್ಲಿ ಪತ್ರರಂಧ್ರಗಳೇ ಇಲ್ಲದ ಲಿವರ್‌ವರ್ಟ್ ಎಲ್ಲಕ್ಕಿಂತ ಮೊದಲು ಕವಲೊಡೆದದ್ದೆಂದೂ ಉಳಿದವು ಕ್ರಮವಾಗಿ ಮೇಲೇರಿದವೆಂದೂ ನಂಬಲಾಗಿತ್ತು. 2018 ಮತ್ತು 2019ರ ವಿಶ್ಲೇಷಣೆಗಳು ಈ ಮೂರೂ ಸೇರಿ ಒಂದೇ ಕವಲೆಂದು ತೋರಿಸಿದವು. ಇನ್ನೊಂದು ಕವಲು ನಾಳಗಳುಳ್ಳ ಸಸ್ಯಗಳದ್ದು. ಮಾಸ್ ಮತ್ತು ಹಾರ್ನ್‌ವರ್ಟ್‌ಗಳ ಬೀಜಾಣು ಪೀಳಿಗೆಯಲ್ಲಿ ಪತ್ರರಂಧ್ರಗಳಿರುವುದರಿಂದ, ಅವು ಎಲ್ಲರ ಪೂರ್ವಜನಲ್ಲಿಯೂ ಇದ್ದು ಲಿವರ್‌ವರ್ಟ್‌ಗಳಲ್ಲಿ ಕಳೆದುಹೋದವು ಎಂದಾಗುತ್ತದೆ. ಹಾಗಾಗಿ ಮೊದಲ ನೆಲದ ಸಸ್ಯವನ್ನು ಕಲ್ಪಿಸಿಕೊಳ್ಳಲು ಇಂದಿನ ಲಿವರ್‌ವರ್ಟ್‌ನ ಚಿತ್ರ ಸಾಲದು.

ಪಳೆಯುಳಿಕೆಗಳು ಈ ಚಿತ್ರಕ್ಕೆ ಕಾಲವನ್ನು ಒದಗಿಸುತ್ತವೆ. ಅರ್ಜೆಂಟೀನಾದ ಸುಮಾರು 47 ಕೋಟಿ ವರ್ಷ ಹಳೆಯ ಶಿಲೆಗಳಲ್ಲಿ ನೆಲದ ಸಸ್ಯಗಳವೆಂದು ಪರಿಗಣಿಸಲಾದ ಗಟ್ಟಿ ಕವಚದ ಬೀಜಾಣುಗಳು ದೊರೆತಿವೆ. ವಂಶವಾಹಿಗಳ ಬದಲಾವಣೆಯ ವೇಗವನ್ನು ಆಧರಿಸಿದ 2018ರ ಲೆಕ್ಕಾಚಾರ ನೆಲದ ಸಸ್ಯಗಳ ಸಮಾನ ಪೂರ್ವಜನನ್ನು ಸುಮಾರು 51.5 ರಿಂದ 47 ಕೋಟಿ ವರ್ಷಗಳ ಹಿಂದಕ್ಕೆ ಇರಿಸುತ್ತದೆ. ಬೀಜಾಣುಚೀಲಗಳನ್ನು ತುದಿಯಲ್ಲಿ ಹೊತ್ತ ಕವಲೊಡೆದ ಪುಟ್ಟ ಕಡ್ಡಿಗಳಂತಹ ಕುಕ್ಸೋನಿಯಾ ಕಾಣಿಸಿಕೊಳ್ಳುವುದು ಸುಮಾರು 43 ಕೋಟಿ ವರ್ಷಗಳ ಹಿಂದೆ. ಇವೆಲ್ಲಕ್ಕಿಂತ ಸ್ಪಷ್ಟವಾದ ನೋಟ ಸಿಗುವುದು ಸ್ಕಾಟ್‌ಲೆಂಡಿನ ರೈನಿ ಎಂಬ ಹಳ್ಳಿಯ ಬಳಿ, 1912ರಲ್ಲಿ ವಿಲಿಯಂ ಮ್ಯಾಕಿ ಎಂಬ ವೈದ್ಯರು ಗುರುತಿಸಿದ ಸುಮಾರು 40.7 ಕೋಟಿ ವರ್ಷ ಹಳೆಯ ಚರ್ಟ್ ಶಿಲೆಯಲ್ಲಿ. ಬಿಸಿನೀರಿನ ಬುಗ್ಗೆಗಳ ಸಿಲಿಕಾ ಗಿಡಗಳನ್ನು ನಿಂತಲ್ಲಿಯೇ ಆವರಿಸಿಕೊಂಡದ್ದರಿಂದ ಅಲ್ಲಿ ಒಂದೊಂದು ಕೋಶವನ್ನೂ ಎಣಿಸಬಹುದು. ಅಲ್ಲಿನ ಸಸ್ಯಗಳ ಲಿಂಗಾಣು ಪೀಳಿಗೆಯೂ ನೆಟ್ಟಗೆ ನಿಂತ ಕಡ್ಡಿಗಳಾಗಿತ್ತು, ಅದರಲ್ಲಿಯೂ ಪತ್ರರಂಧ್ರಗಳಿದ್ದವು; ಮಾಸ್‌ಗಳಂತೆ ಒಂದು ಪೀಳಿಗೆ ಇನ್ನೊಂದರ ಹೆಗಲೇರಿ ಕೂರುವುದಾಗಲಿ, ಜರೀಗಿಡಗಳಂತೆ ಒಂದು ತೀರ ಕಿರಿದಾಗುವುದಾಗಲಿ ಅಲ್ಲಿ ಕಾಣದು. ಆಗ್ಲಾಫೈಟಾನ್ ಎಂಬ ಸಸ್ಯದ ಕೋಶಗಳೊಳಗೆ ಶಿಲೀಂಧ್ರವೊಂದು ಪುಟ್ಟ ಮರದಂತೆ ಕವಲೊಡೆದು ಹರಡಿರುವುದನ್ನು 1994ರಲ್ಲಿ ವಿವರಿಸಲಾಯಿತು. ಇಂದಿನ ಹೆಚ್ಚಿನ ಸಸ್ಯಗಳು ಮಣ್ಣಿನಿಂದ ರಂಜಕವನ್ನು ಪಡೆಯಲು ಮಾಡಿಕೊಂಡಿರುವ ಒಪ್ಪಂದವೂ ಇದೇ. ಈ ಒಪ್ಪಂದಕ್ಕೆ ಬೇಕಾದ ಸಂಕೇತಗಳನ್ನು ಗ್ರಹಿಸುವ ಕೆಲವು ವಂಶವಾಹಿಗಳು ಸ್ಟ್ರೆಪ್ಟೋಫೈಟಾ ಕವಲಿನ ಪಾಚಿಗಳಲ್ಲಿಯೂ ಇವೆಯೆಂದು 2015ರಲ್ಲಿ ಗೊತ್ತಾಯಿತು.